ಡಿಎನ್‌ಎ ಪ್ರತೀಕರಣ ಮತ್ತು ಕ್ಯಾನ್ಸರ್‌ನಲ್ಲಿ ವರ್ಣತಂತುಗಳ ಮರುಜೋಡಣೆ

ವರ್ಣತಂತುವಿನ ಒಂದು ಭಾಗವು ಅಳಿದುಹೋಗುವುದು, ಇಮ್ಮಡಿಯಾಗುವುದು, ತಿರುವುಮುರುವಾಗುವುದು ಅಥವಾ ಬೇರೊಂದು ವರ್ಣತಂತುವಿಗೆ ಅಂಟಿಕೊಳ್ಳುವುದನ್ನು ವರ್ಣತಂತುಗಳ ಮರುಜೋಡಣೆ ಎನ್ನುತ್ತಾರೆ. ಕ್ಯಾನ್ಸರ್ ಜೀವಕೋಶಗಳಲ್ಲಿ ಇದು ಸಾಮಾನ್ಯವಾಗಿ ಕಂಡುಬರುತ್ತದೆ. ವಿಕಿರಣದಂತಹ ಬಾಹ್ಯ ಕಾರಣಗಳಲ್ಲದೆ, ಜೀವಕೋಶವು ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುವ ಪ್ರತೀಕರಣ ಕ್ರಿಯೆಯಲ್ಲಿನ ಅಡಚಣೆಗಳೂ ಇದಕ್ಕೆ ಪ್ರಮುಖ ಕಾರಣವಾಗಿವೆ.

ಪ್ರತೀಕರಣದ ಒತ್ತಡ

ಮಾನವನ ಜೀವಕೋಶವು ವಿಭಜನೆಗೆ ಮುನ್ನ ಸುಮಾರು 600 ಕೋಟಿ ಪ್ರತ್ಯಾಮ್ಲ ಜೋಡಿಗಳನ್ನು ನಕಲು ಮಾಡಬೇಕು. ಈ ಕಾರ್ಯವು ಸಾವಿರಾರು ಸ್ಥಳಗಳಲ್ಲಿ ಆರಂಭವಾಗುತ್ತದೆ. ಡಿಎನ್‌ಎಯ ಎರಡು ಎಳೆಗಳು ಬೇರ್ಪಡುವ ತಾಣಕ್ಕೆ ಪ್ರತೀಕರಣ ಕವಲು ಎಂದು ಹೆಸರು. ನ್ಯೂಕ್ಲಿಯೋಟೈಡ್‌ಗಳ ಕೊರತೆ, ಡಿಎನ್‌ಎಗಾದ ಹಾನಿ ಅಥವಾ ಅದೇ ಸ್ಥಳದಲ್ಲಿ ಆರ್‌ಎನ್‌ಎಯನ್ನು ರಚಿಸುತ್ತಿರುವ ಕಿಣ್ವದೊಡನೆ ಘರ್ಷಣೆ ಉಂಟಾದರೆ ಕವಲು ನಿಂತುಹೋಗುತ್ತದೆ. ಈ ಸ್ಥಿತಿಯೇ ಪ್ರತೀಕರಣದ ಒತ್ತಡ.

ದುರ್ಬಲ ತಾಣಗಳು

ಒತ್ತಡದಲ್ಲಿ ಕೆಲವು ತಾಣಗಳು ಮಾತ್ರ ಪದೇ ಪದೇ ಮುರಿಯುತ್ತವೆ. 3ನೆಯ ವರ್ಣತಂತುವಿನ ಗಿಡ್ಡ ಭುಜದಲ್ಲಿರುವ ಎಫ್‌ಆರ್‌ಎ3ಬಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದು ಎಫ್‌ಎಚ್‌ಐಟಿ ಎಂಬ ಅತಿ ಉದ್ದದ ವಂಶವಾಹಿಯೊಳಗಿದೆ. ಅಲ್ಲಿ ಪ್ರತೀಕರಣದ ಆರಂಭಸ್ಥಳಗಳು ವಿರಳವಾಗಿದ್ದು, ನಕಲು ತಡವಾಗಿ ಮುಗಿಯುತ್ತದೆ. ಅಪೂರ್ಣ ನಕಲಿನೊಂದಿಗೇ ಕೋಶವಿಭಜನೆ ಆರಂಭವಾದರೆ ಡಿಎನ್‌ಎ ತುಂಡಾಗುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಸೇರಿದಂತೆ ಹಲವು ಕ್ಯಾನ್ಸರ್‌ಗಳಲ್ಲಿ ಈ ವಂಶವಾಹಿಯ ಭಾಗಗಳು ಅಳಿದುಹೋಗಿರುತ್ತವೆ.

ಮರುಜೋಡಣೆಯ ಬಗೆ

ತುಂಡಾದ ತುದಿಗಳನ್ನು ಜೀವಕೋಶವು ಬೆಸೆಯುವಾಗ ಸಂಬಂಧವಿಲ್ಲದ ತುದಿಗಳು ಕೂಡಿಕೊಳ್ಳಬಹುದು. ನಿಂತ ಕವಲಿನ ಎಳೆಯು ಸಮೀಪದ ಮತ್ತೊಂದು ಕವಲಿಗೆ ಜಿಗಿದು ಅಲ್ಲಿಂದ ನಕಲು ಮುಂದುವರಿಸಲೂಬಹುದು. ಈ ಎರಡನೆಯ ವಿವರಣೆಯನ್ನು ಜೇಮ್ಸ್ ಲುಪ್ಸ್ಕಿ ಮತ್ತು ಸಂಗಡಿಗರು 2007ರಲ್ಲಿ ಆನುವಂಶಿಕ ನರರೋಗವೊಂದರ ಅಧ್ಯಯನದಿಂದ ಮಂಡಿಸಿದರು.

ಎಲ್ಲ ಮರುಜೋಡಣೆಗಳಿಗೂ ಪ್ರತೀಕರಣವೇ ಮೂಲವಲ್ಲ. ಕೆಲವು ಲಿಂಫೋಮಾಗಳಲ್ಲಿ, ಪ್ರತಿಕಾಯದ ವಂಶವಾಹಿಗಳನ್ನು ಕತ್ತರಿಸಿ ಜೋಡಿಸುವ ಸಹಜ ಕ್ರಿಯೆಯ ತಪ್ಪಿನಿಂದಲೂ ಅವು ಉಂಟಾಗುತ್ತವೆ.

ಕ್ಯಾನ್ಸರ್ ಮತ್ತು ಚಿಕಿತ್ಸೆ

ಸೈಕ್ಲಿನ್ ಇ, ರಾಸ್ ಮುಂತಾದ ಕ್ಯಾನ್ಸರ್‌ಕಾರಕ ವಂಶವಾಹಿಗಳು ಅತಿಯಾಗಿ ಚುರುಕಾದಾಗ ಪ್ರತೀಕರಣದ ಒತ್ತಡವನ್ನು ಹೆಚ್ಚಿಸುತ್ತವೆ. ಹೀಗೆ ಕ್ಯಾನ್ಸರ್‌ನ ಆರಂಭಿಕ ಬದಲಾವಣೆಗಳೇ ಹೊಸ ಮರುಜೋಡಣೆಗಳಿಗೆ ದಾರಿ ಮಾಡಿಕೊಡುತ್ತವೆ. ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2 ಪ್ರೋಟೀನ್‌ಗಳು ನಿಂತ ಕವಲುಗಳನ್ನು ರಕ್ಷಿಸಿ, ಮುರಿದ ಡಿಎನ್‌ಎಯನ್ನು ಸರಿಪಡಿಸಲು ನೆರವಾಗುತ್ತವೆ. ಅವುಗಳಿಲ್ಲದ ಕ್ಯಾನ್ಸರ್ ಕೋಶಗಳಲ್ಲಿ ವರ್ಣತಂತುಗಳು ಸುಲಭವಾಗಿ ಮುರಿಯುತ್ತವೆ. ಈ ದೌರ್ಬಲ್ಯವೇ ಚಿಕಿತ್ಸೆಗೂ ಆಧಾರವಾಗಿದೆ: ಒಲಾಪರಿಬ್ ಔಷಧವು ಪ್ರತೀಕರಣದ ವೇಳೆ ಇನ್ನಷ್ಟು ಮುರಿತಗಳನ್ನು ಉಂಟುಮಾಡಿ ಅಂತಹ ಕೋಶಗಳನ್ನು ನಾಶಪಡಿಸುತ್ತದೆ. ಅಂಡಾಶಯದ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಇದಕ್ಕೆ 2014ರಲ್ಲಿ ಅನುಮೋದನೆ ದೊರೆಯಿತು.