ತಲೆಕಟ್ಟು ಕೊನೆಗೆ

ಅಕ್ಷರಕ್ಕೆ ಆಕಾರವಿರುವಂತೆ ಅದನ್ನು ಬರೆಯುವುದಕ್ಕೂ ಒಂದು ದಾರಿ ಇದೆ. ಕಡ್ಡಿಯನ್ನು ಎಲ್ಲಿ ಊರಬೇಕು, ಯಾವ ಕಡೆ ತಿರುಗಿಸಬೇಕು, ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದೇ ಆ ದಾರಿ. ಚೀನೀ ಲಿಪಿಯಲ್ಲಿ ಇದನ್ನು ಬಲು ಕಟ್ಟುನಿಟ್ಟಾಗಿ ಕಲಿಸುತ್ತಾರೆ. ಅಲ್ಲಿ ಮೇಲಿನ ಗೆರೆ ಮೊದಲು, ಕೆಳಗಿನದು ಆಮೇಲೆ. ಎಡ ಮೊದಲು, ಬಲ ಆಮೇಲೆ. ಚೌಕದೊಳಗೆ ಬರೆಯುವುದಿದ್ದರೆ ಅದನ್ನು ಬರೆದ ಮೇಲೆಯೇ ಚೌಕದ ತಳ ಮುಚ್ಚಬೇಕು. 1997ರಲ್ಲಿ ಚೀನಾ ಸರ್ಕಾರ 7,000 ಅಕ್ಷರಗಳ ಗೆರೆಗಳಿಗೆ ಹೀಗೆ ಕ್ರಮ ಗೊತ್ತುಮಾಡಿತು. ಕನ್ನಡದ 49 ಅಕ್ಷರಗಳ ಕ್ರಮ ಬಹುಪಾಲು ಗುರುಗಳ ಕೈಯಿಂದ ಮಕ್ಕಳ ಕೈಗೆ ದಾಟುತ್ತ ಬಂದಿದೆ. ಹಾಗೆಂದು ಅದಕ್ಕೆ ಕಾರಣವಿಲ್ಲವೆಂದಲ್ಲ. ಕಾರಣ ಅಕ್ಷರದ ಮೈಯಲ್ಲೇ ಇದೆ.

ಅದು ನಿಚ್ಚಳವಾಗಿ ಕಾಣುವುದು ಎರಡು ಲಿಪಿಗಳನ್ನು ಒಟ್ಟಿಗೆ ಕಲಿಯುವ ಊರುಗಳಲ್ಲಿ. ಕರ್ನಾಟಕದ ಗಡಿಗೆ ಅಂಟಿದ, ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ ಜತ್ತ ತಾಲ್ಲೂಕಿನ ಮಾಡಗ್ಯಾಳ ಅಂಥ ಸೀಮೆಯ ಊರು. ಈ ತಾಲ್ಲೂಕಿನ ಅನೇಕ ಮನೆಗಳ ಮಾತು ಕನ್ನಡ, ರಾಜ್ಯದ ಭಾಷೆ ಮರಾಠಿ. ತಾಲ್ಲೂಕಿನಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. 1967ರಲ್ಲಿ ಸ್ಥಾಪನೆಯಾದ ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲೂ ಪಠ್ಯಪುಸ್ತಕ ಹೊರತರುತ್ತದೆ. ಮಹಾರಾಷ್ಟ್ರದ 2020ರ ಕಾಯ್ದೆ 1ರಿಂದ 10ನೇ ತರಗತಿಯವರೆಗೆ ಮರಾಠಿಯನ್ನು ಕಡ್ಡಾಯ ಮಾಡಿದೆ. ಹಾಗಾಗಿ ಇಲ್ಲಿನ ಕನ್ನಡ ಶಾಲೆಯ ಮಗು ಕನ್ನಡದ ದುಂಡು ಅಕ್ಷರದ ಜೊತೆಗೇ ಬಾಳಬೋಧ, ಅಂದರೆ ಮರಾಠಿಯ ದೇವನಾಗರಿಯನ್ನೂ ತಿದ್ದಬೇಕು.

ಎರಡೂ ಬ್ರಾಹ್ಮಿಯ ಮಕ್ಕಳೇ. ಎರಡರಲ್ಲೂ ಅನೇಕ ಅಕ್ಷರಗಳ ತಲೆಯ ಮೇಲೊಂದು ಗೆರೆ ಇದೆ. ಆದರೆ ಆ ಗೆರೆಯ ಕೆಲಸ ಬೇರೆ ಬೇರೆ. ದೇವನಾಗರಿಯ ಶಿರೋರೇಖೆ ಶಬ್ದದ ಅಕ್ಷರಗಳನ್ನೆಲ್ಲ ಒಂದಾಗಿ ಹಿಡಿಯುವ ದಾರ. ಸಾಮಾನ್ಯವಾಗಿ ಮೈ ಬರೆದಾದ ಮೇಲೆ ಅದನ್ನು ಎಳೆಯುತ್ತಾರೆ. ಯಾವ ಸ್ವರ ಬಂದರೂ ಅದು ಹಾಗೇ ಇರುತ್ತದೆ. ಮರಾಠಿ ದಫ್ತರಗಳಲ್ಲಿ ಹಿಂದೆ ಬಳಕೆಯಲ್ಲಿದ್ದ ಮೋಡಿ ಲಿಪಿಯದು ಇದಕ್ಕೆ ತಿರುವುಮುರುವು: ಹಾಳೆಯ ಉದ್ದಕ್ಕೂ ಮೊದಲೇ ಗೆರೆ ಎಳೆದಿಟ್ಟು, ಅದಕ್ಕೆ ಅಕ್ಷರಗಳನ್ನು ತೂಗುಹಾಕುತ್ತ ಹೋಗುತ್ತಿದ್ದರು.

ಕನ್ನಡದ ತಲೆಕಟ್ಟು ದಾರವಲ್ಲ, ಒಂದು ಸ್ವರದ ಗುರುತು. ‘ಗ’ದಲ್ಲಿ ತಲೆಕಟ್ಟು ಇದ್ದರೆ ‘ಅ’ಕಾರ ಇದೆ ಎಂದರ್ಥ. ‘ಗಿ’ ಬರೆಯುವಾಗ ಅದು ಹೋಗಿ ಗುಡಿಸು ಬರುತ್ತದೆ, ‘ಗೆ’ ಬರೆಯುವಾಗ ಏತ್ವ ಬರುತ್ತದೆ, ‘ಗಾ’ ಬರೆಯುವಾಗ ತಲೆಕಟ್ಟೇ ಬಲಕ್ಕೆ ಹರಿದು ಇಳಿಯಾಗುತ್ತದೆ. ತಲೆಕಟ್ಟನ್ನೇ ಮೊದಲು ಎಳೆದುಬಿಟ್ಟ ಮಗು ‘ಗಿ’ ಬರೆಯಬೇಕಾದಾಗ ಪಾಟಿ ಒರೆಸಬೇಕಾಗುತ್ತದೆ. ಮೈ ಮೊದಲು, ತಲೆ ಆಮೇಲೆ ಎಂಬ ರೂಢಿಯ ಬೆಲೆ ಇಲ್ಲಿ ತಿಳಿಯುತ್ತದೆ. ಖ, ಜ, ಣ, ಬ, ಲ ಮುಂತಾದವಕ್ಕೆ ತಲೆಕಟ್ಟೇ ಇಲ್ಲ. ಅವನ್ನು ಬೇರೆಯಾಗಿಯೇ ರೂಢಿ ಮಾಡಿಕೊಳ್ಳಬೇಕು. ಮಹಾಪ್ರಾಣಕ್ಕೆ ಹೊಟ್ಟೆ ಸೀಳುವ ಗೆರೆಗೂ ಇದೇ ನ್ಯಾಯ: ‘ದ’ ಪೂರ್ತಿಯಾದ ಮೇಲೆ ಸೀಳಿದರೆ ‘ಧ’. ಕೊಂಬಿನ ಜಾಗವೂ ಮುಖ್ಯ. ‘ವ’ಕ್ಕೆ ಕೊಂಬನ್ನು ಬುಡದಿಂದ ತಾರದೆ ಮಗ್ಗುಲಿಗೆ ಅಂಟಿಸಿದರೆ ‘ವು’ ಹೋಗಿ ‘ಮ’ದಂತೆ ಕಾಣುತ್ತದೆ.

ಗಡಿಯ ಮಗುವಿನ ಕೈ ನಿಜವಾಗಿ ತಡವರಿಸುವುದು ಒತ್ತಕ್ಷರದಲ್ಲಿ. ‘ಪುಸ್ತಕ’ ಎರಡೂ ಭಾಷೆಗಳ ಶಬ್ದ. ಕನ್ನಡದಲ್ಲಿ ‘ಸ’ ಇಡಿಯಾಗಿ ನಿಂತು, ‘ತ’ ಒತ್ತಾಗಿ ಕೆಳಗಿಳಿಯುತ್ತದೆ. ಮರಾಠಿಯಲ್ಲಿ ‘ಸ’ ಅರ್ಧವಾಗಿ, ‘ತ’ ಇಡಿಯಾಗುತ್ತದೆ. ‘ಅಕ್ಕಿ’ ಇನ್ನೂ ಸೂಕ್ಷ್ಮ. ಕಿವಿಗೆ ‘ಇ’ಕಾರ ಎರಡನೆಯ ಕಕಾರದ ನಂತರ ಕೇಳಿಸುತ್ತದೆ, ಕೈ ಮಾತ್ರ ಗುಡಿಸನ್ನು ಮೇಲಿನ ‘ಕ’ಕ್ಕೆ ಹಾಕಿ, ಒತ್ತನ್ನು ಆಮೇಲೆ ಬರೆಯುತ್ತದೆ. ಮರಾಠಿಯಲ್ಲಿ ‘ಇ’ಕಾರದ ಗುರುತಾದ ಹ್ರಸ್ವ ವೇಲಾಂಟಿಯಂತೂ ವ್ಯಂಜನದ ಎಡಕ್ಕೇ ನಿಲ್ಲುತ್ತದೆ. ‘ಕರ್ಮ’ದ ರಕಾರವನ್ನು ಎರಡೂ ಲಿಪಿಗಳು ತಡವಾಗಿ ಬರೆಯುತ್ತವೆ: ಕನ್ನಡದಲ್ಲಿ ಅದು ‘ಮ’ದ ಬಲಕ್ಕೆ ಅರ್ಕಾವೊತ್ತು, ಮರಾಠಿಯಲ್ಲಿ ‘ಮ’ದ ತಲೆಯ ಮೇಲೆ ರಫಾರ. ಇಂಥಲ್ಲಿ ಮಗು ತಪ್ಪಿದರೆ ಅದನ್ನು ದಡ್ಡತನವೆನ್ನುವುದು ಅನ್ಯಾಯ. ಒಂದು ಲಿಪಿಯ ದಾರಿಯಲ್ಲಿ ಇನ್ನೊಂದನ್ನು ಬರೆಯಲು ಅದರ ಕೈ ಹೊರಟಿರುತ್ತದೆ, ಅಷ್ಟೆ.

ಕಲಿಸುವ ಅನುಕ್ರಮ ವರ್ಣಮಾಲೆಯದೇ ಆಗಬೇಕೆಂದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಕರ್ನಾಟಕದ ನಲಿ-ಕಲಿ ಪದ್ಧತಿ ರ, ಗ, ಸ, ದ, ಅ ಎಂಬ ಐದರಿಂದ ಆರಂಭಿಸುತ್ತದೆ. ಇವುಗಳಿಂದ ‘ಸರ’, ‘ಗರಗಸ’ದಂಥ ಶಬ್ದಗಳು ಕೂಡಲೇ ಹುಟ್ಟುತ್ತವೆ, ಸೊನ್ನೆ ಮತ್ತು ಕಮಾನುಗಳಿಗೆ ಕೈಯೂ ಪಳಗುತ್ತದೆ. ‘ವ’ದ ಬೆನ್ನಿಗೇ ‘ಮ’ ಬಂದರೆ ಹೊಸದಾಗಿ ಕಲಿಯುವುದು ಕೊನೆಯ ಕೊಂಡಿಯಷ್ಟೇ.

ರೂಢಿಗೆ ಹಳೆಯ ಉಪಾಯ ತಿದ್ದುವುದು. ಮರಾಠಿಯವರು ಇದನ್ನು ಗಿರವಣೆ ಎನ್ನುತ್ತಾರೆ. ಪಾಟಿಯ ಮೇಲೆ ಗುರುಗಳು ದೊಡ್ಡದಾಗಿ ಬರೆದ ಅಕ್ಷರದ ಮೇಲೆ ಮಗು ಮತ್ತೆ ಮತ್ತೆ ಕಡ್ಡಿ ಓಡಿಸುತ್ತದೆ. ಆದರೆ ಅಚ್ಚಾದ ಅಕ್ಷರದಲ್ಲಿ ಗೆರೆ ಎಲ್ಲಿ ಶುರುವಾಯಿತೆಂದು ಕಾಣುವುದಿಲ್ಲ. ಬರೆಯುತ್ತಿರುವ ಕೈಯನ್ನೇ ನೋಡಬೇಕು. ಮಗುವಿನ ಬೆರಳು ಹಿಡಿದು ಮರಳಿನಲ್ಲಿ ಒಮ್ಮೆ ತಿದ್ದಿಸಿ, ಎಲ್ಲಿ ಊರಬೇಕೋ ಅಲ್ಲೊಂದು ಚುಕ್ಕೆ ಇಟ್ಟುಕೊಟ್ಟರೆ, ಮುಂದಿನ ಸಲ ಅದು ತಾನಾಗಿಯೇ ಚುಕ್ಕೆಯಿಂದ ಹೊರಡುತ್ತದೆ.