ಹೂವಿನಂಗಡಿಯ ಬದುಕು ಹಬ್ಬದ ಮೇಲೆ ನಿಂತಿಲ್ಲ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಕನಕಾಂಬರದ ದರ ಕೇಳಿದವರಿಗೆ, ಹೂವಿನ ವ್ಯಾಪಾರದಲ್ಲಿ ಭಾರಿ ಲಾಭವಿದೆ ಅನ್ನಿಸುವುದು ಸಹಜ. ಆದರೆ ಬೀದಿಯ ತಿರುವಿನಲ್ಲಿ ಒಂದೇ ಮನೆಯವರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಸಣ್ಣ ಹೂವಿನಂಗಡಿಯ ಲೆಕ್ಕವೇ ಬೇರೆ. ಅದನ್ನು ಇಷ್ಟು ಕಾಲ ಎತ್ತಿಹಿಡಿದಿರುವುದು ಎರಡು ಸಂಗತಿಗಳು: ದಿನವೂ ತಪ್ಪದ ವರ್ತನೆ (ಗೊತ್ತಾದ ಗಿರಾಕಿಗಳಿಗೆ ನಿತ್ಯ ಹೂವು ಕೊಡುವ ಏರ್ಪಾಡು) ಮತ್ತು ಮನೆಮಂದಿಯ, ಅದರಲ್ಲೂ ಹೆಂಗಸರ, ಲೆಕ್ಕಕ್ಕೆ ಸೇರದ ದುಡಿಮೆ. ವರ್ತನೆ ತಪ್ಪಿದರೆ ಅಂಗಡಿಗೆ ನೆಲೆಯಿಲ್ಲ; ದುಡಿಮೆಗೆ ಬೆಲೆ ಸಿಗದಿದ್ದರೆ ಅಲ್ಲಿ ಕೂರಲು ಮುಂದಿನವರಿಲ್ಲ.

ಹೂವಿನ ಸ್ವಭಾವ ನೋಡಿದರೆ ವರ್ತನೆಯ ಮಹತ್ವ ತಿಳಿಯುತ್ತದೆ. ಮಲ್ಲಿಗೆಯನ್ನು ಮೊಗ್ಗಾಗಿದ್ದಾಗಲೇ ಕೊಯ್ಯಬೇಕು. ಸಂಜೆಗೆ ಅರಳಿತೆಂದರೆ ಮರುದಿನಕ್ಕೆ ಬಾಡುತ್ತದೆ. ಸೇವಂತಿಗೆ, ಚೆಂಡುಹೂವು ಇನ್ನಷ್ಟು ತಡೆಯುತ್ತವೆ, ಆದರೆ ತಾಜಾತನ ಕಳೆದ ಹೂವನ್ನು ದೇವರಿಗೆಂದು ಯಾರೂ ಕೊಳ್ಳುವುದಿಲ್ಲ. ಒದ್ದೆ ಗೋಣಿ, ಬಾಳೆಎಲೆ, ಆಗಾಗ ಚಿಮುಕಿಸುವ ನೀರು, ಇವಿಷ್ಟೇ ಅಂಗಡಿಯವರ ಕೈಯಲ್ಲಿರುವ ಉಪಾಯ. ದಿನಸಿ ಅಂಗಡಿಯಲ್ಲಿ ಉಳಿದ ಬೇಳೆ ನಾಳೆಗೂ ಸರಕೇ; ಹೂವಿನಂಗಡಿಯಲ್ಲಿ ಉಳಿದದ್ದು ಅಂದೇ ನಷ್ಟ. ಹೀಗಾಗಿ ಎಷ್ಟು ಖರ್ಚಾಗುತ್ತದೆಂದು ಬೆಳಗಿನ ಜಾವ ಮಾರುಕಟ್ಟೆಗೆ ಹೊರಡುವಾಗಲೇ ಗೊತ್ತಿರಬೇಕು. ಇಂತಿಷ್ಟು ಮನೆಗೆ ಒಂದೊಂದು ಮೊಳ, ದೇವಸ್ಥಾನಕ್ಕೆ ಹಾರ, ಅಕ್ಕಪಕ್ಕದ ಅಂಗಡಿಗಳ ದೇವರಪಟಕ್ಕೆ ತುಂಡು ಮಾಲೆ ಎಂಬ ಖಚಿತ ಲೆಕ್ಕ ಕೊಡುವುದು ವರ್ತನೆಯೇ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮದುವೆಯ ಹಾರಗಳು ನಿಂತಾಗ ಅಂಗಡಿಯನ್ನು ದಾಟಿಸುವುದೂ ಅದೇ.

ದುಡಿಮೆಯ ಬೆಲೆಯನ್ನು ಅರಿಯಲು ಉಡುಪಿ ಸೀಮೆಯ ಶಂಕರಪುರ ಮಲ್ಲಿಗೆಯನ್ನು ನೋಡಬೇಕು. ಅಲ್ಲಿನ ಲೆಕ್ಕ ಎಣಿಕೆಯದು: 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬೆಳೆಗಾರರ ಮನೆಯವರು ಬಾಳೆನಾರಿನಲ್ಲಿ ಕಟ್ಟಿಯೇ ಕಳಿಸುತ್ತಾರೆ. ಅಟ್ಟೆಯ ದರ ದಿನದಿನವೂ ನಿಗದಿಯಾಗುತ್ತದೆ. ಬೆಲೆ ಕಟ್ಟಿದ ಹೂವಿಗಾದ್ದರಿಂದ ಕಟ್ಟುವ ಕೈಗೂ ಅದರಲ್ಲಿ ಪಾಲಿದೆ. ಬೇರೆ ಊರುಗಳ ಬೀದಿಯಲ್ಲಿ ನಡೆಯುವುದು ಮೊಳದ ಲೆಕ್ಕ. ಗಿರಾಕಿ ಕೇಳುವುದು ಮೊಳಕ್ಕೆಷ್ಟು ಎಂದೇ ಹೊರತು ಎಷ್ಟು ಒತ್ತಾಗಿ ಕಟ್ಟಿದೆ ಎಂದಲ್ಲ. ಬಿಡಿ ಹೂವಿನ ದರ ಏರಿದಾಗ ಮೊಳದ ಬೆಲೆ ಏರಿಸಿದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಏರಿಸದಿದ್ದರೆ ಮಾಲೆ ತೆಳುವಾಗುತ್ತದೆ, ಇಲ್ಲವೇ ಕಟ್ಟಿದ ಕೂಲಿ ಮುಳುಗುತ್ತದೆ.

ಹಬ್ಬದಲ್ಲಿ ಸುಲಿಗೆ ಮಾಡುವವರ ಪರವಾಗಿ ಮಾತೇಕೆ ಎಂದು ಕೆಲವರು ಕೇಳಬಹುದು. ಹಬ್ಬ ನಾಡಿಗೆಲ್ಲ ಒಂದೇ ದಿನ ಬರುತ್ತದೆ, ಗಿಡ ಮಾತ್ರ ಅಂದಿಗೆಂದು ಹೆಚ್ಚು ಮೊಗ್ಗು ಬಿಡುವುದಿಲ್ಲ. ಸಣ್ಣ ಅಂಗಡಿಯವರೂ ಏರಿದ ದರಕ್ಕೇ ಕೊಳ್ಳಬೇಕು. ಸಂಜೆ ಮಳೆ ಸುರಿದರೆ ಆ ದುಬಾರಿ ಹೂವು ಅವರ ತಲೆಗೇ ಬರುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ನಿಮಿಷಗಳಲ್ಲಿ ಹೂವು ಮನೆಗೆ ಬರುವಾಗ ಈ ಅಂಗಡಿ ಏಕೆ ಎಂಬ ಪ್ರಶ್ನೆಯೂ ಇದೆ. ಆ ಅನುಕೂಲ ನಿಜ, ಅದನ್ನು ಬಳಸುವವರದು ತಪ್ಪೂ ಅಲ್ಲ. ಆದರೆ ಆ ಹೂವನ್ನೂ ಯಾರೋ ಕಟ್ಟಿರುತ್ತಾರೆ. ನಮ್ಮ ಕಣ್ಣಿಗೆ ಬೀಳದ ಮಾತ್ರಕ್ಕೆ ಅವರ ಕೂಲಿಯ ಪ್ರಶ್ನೆ ಮುಗಿಯುವುದಿಲ್ಲ. ತಿಂಗಳ ಕೊನೆಗೆ ದುಡ್ಡು ಪಡೆಯುವ, ಅರ್ಧ ಮೊಳವನ್ನೂ ಕತ್ತರಿಸಿ ಕೊಡುವ, ಪೂಜೆಗೆ ಬೇಕಾದ ಪತ್ರೆಯನ್ನು ಹೇಳಿದರೆ ತಂದುಕೊಡುವ ನಂಟು ಬೀದಿಯ ಅಂಗಡಿಯದೇ. ಇನ್ನು ಮಕ್ಕಳು ಓದಿ ಬೇರೆ ಕೆಲಸ ಹಿಡಿದರೆ ಒಳ್ಳೆಯದಲ್ಲವೇ ಎಂಬ ಮಾತು. ಖಂಡಿತ ಒಳ್ಳೆಯದು. ಯಾರನ್ನೂ ಹುಟ್ಟಿನ ಕಸುಬಿಗೆ ಕಟ್ಟಿಹಾಕಬಾರದು. ಆದರೆ ಕೂಲಿ ಕೊಟ್ಟು ಆಳಿಡಲಾಗದ ವ್ಯಾಪಾರದಲ್ಲಿ ಮಕ್ಕಳು ಹೊರಟ ದಿನವೇ ಬಾಗಿಲು ಮುಚ್ಚಬೇಕಾಗುತ್ತದೆ.

ಬೀದಿಯಲ್ಲಿ ಕೂತು ಮಾರುವವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ನೆಲೆಯ ಹಕ್ಕು ಕೊಟ್ಟಿತು. 2020ರಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆ ಅಡಮಾನವಿಲ್ಲದೆ 10,000 ರೂಪಾಯಿ ಸಾಲದಿಂದ ಆರಂಭವಾಯಿತು. ಎರಡೂ ಬೇಕಾದವೇ. ಆದರೆ ಸಾಲ ಹೂವು ಕೊಳ್ಳಲು ನೆರವಾದೀತು, ಕಟ್ಟಿದವರ ಕೂಲಿಯನ್ನು ಕೊಡಬೇಕಾದವರು ಕೊಳ್ಳುವ ನಾವು. ಬಿಡಿ ಹೂವಿನ ದರ, ಕಟ್ಟುವ ಕೂಲಿ ಎರಡನ್ನೂ ಬೇರೆಬೇರೆಯಾಗಿ ಹೇಳುವ ಪದ್ಧತಿ ಬರಲಿ. ಹಬ್ಬಕ್ಕೊಮ್ಮೆ ಚೌಕಾಸಿ ಮಾಡುವ ಬದಲು ದಿನಕ್ಕೊಂದು ಮೊಳದ ವರ್ತನೆ ಹಾಕಿಸಿಕೊಳ್ಳೋಣ. ನಮ್ಮ ಬೀದಿಯ ಹೂವಿನಂಗಡಿಗೆ ಅದಕ್ಕಿಂತ ದೊಡ್ಡ ಆಸರೆ ಬೇರೊಂದಿಲ್ಲ.