ತಲೆಕೆಳಗಾದ ಬಾವಿ

1928ನೆಯ ಇಸವಿಯ ಜೂನ್ 22ರ ಅಪರಾಹ್ನ, ಅಮೆರಿಕದ ಕ್ಯಾನ್ಸಸ್ ಸಂಸ್ಥಾನದಲ್ಲಿ ಗ್ರೀನ್ಸ್‌ಬರ್ಗ್ ಎಂಬ ಊರಿನ ಸಮೀಪ, ವಿಲ್ ಕೆಲರ್ ಎಂಬ ಬೇಸಾಯಗಾರನೊಬ್ಬನು ಆಲಿಕಲ್ಲಿನ ಮಳೆಗೆ ಸಿಕ್ಕಿ ನೆಲಕಚ್ಚಿದ ತನ್ನ ಗೋಧಿಯ ಪೈರನ್ನು ನೋಡುತ್ತ ನಿಂತಿದ್ದಾಗ, ನೈಋತ್ಯದ ಕಡೆ ಕೊಡೆಯ ಆಕಾರದ ಕರಿಮೋಡವೊಂದು ಕವಿದಿರುವುದನ್ನೂ, ಅದರ ತಳದಿಂದ ಮೂರು ಸುಂಟರಗಾಳಿಗಳು ಜೋಲುತ್ತಿರುವುದನ್ನೂ, ಅವುಗಳಲ್ಲೊಂದು ನೇರವಾಗಿ ತನ್ನ ಮನೆಯತ್ತಲೇ ಬರುತ್ತಿರುವುದನ್ನೂ ಕಂಡನು. ಆ ಸೀಮೆಯ ಮನೆಗಳಲ್ಲಿ ಇಂಥ ಹೊತ್ತಿಗೆಂದೇ ತೋಡಿದ ನೆಲಮಾಳಿಗೆಗಳುಂಟು. ಮನೆಯವರನ್ನೆಲ್ಲ ಅದರೊಳಕ್ಕೆ ಕಳುಹಿಸಿ, ತಾನೂ ಇಳಿದು ಬಾಗಿಲೆಳೆಯಬೇಕೆಂದಿದ್ದವನು ಕೊನೆಯದಾಗಿ ಒಮ್ಮೆ ನೋಡಿಬಿಡೋಣವೆಂದು ತಡೆದನು. ನೆಲವನ್ನು ಗುಡಿಸುತ್ತ ಬರುತ್ತಿದ್ದ ಸುಳಿಯ ತುದಿ ಆಗತಾನೆ ಮೇಲಕ್ಕೇಳತೊಡಗಿತ್ತು. ಹಿಂದೆಯೂ ಕೆಲವು ಸುಂಟರಗಾಳಿಗಳನ್ನು ಕಂಡಿದ್ದ ಅವನಿಗೆ, ಇದು ತನ್ನ ತಲೆಯ ಮೇಲಿನಿಂದ ಹಾದುಹೋದೀತು ಎಂಬ ಧೈರ್ಯ ಹುಟ್ಟಿತು. ಬಾಗಿಲನ್ನು ಹಿಡಿದುಕೊಂಡೇ ಕತ್ತೆತ್ತಿದನು.

ಗಾಳಿ ಥಟ್ಟನೆ ಸ್ತಬ್ಧವಾಯಿತು. ಉಸಿರು ಕಟ್ಟಿಸುವಂಥ ಒಂದು ವಾಸನೆ ಸುತ್ತಲೂ ಹರಡಿತು. ಸುಳಿಯ ತುದಿಯಿಂದ ಮಾತ್ರ ಚೀರುವಂತೆಯೂ ಬುಸುಗುಟ್ಟುವಂತೆಯೂ ಇದ್ದ ಶಬ್ದ ಬರುತ್ತಿತ್ತು. ನೆತ್ತಿಯ ಮೇಲೆ ಸುಮಾರು 50ರಿಂದ 100 ಅಡಿ ಅಗಲದ ದುಂಡನೆಯ ಬಾಯೊಂದು ತೆರೆದಿತ್ತು. ಅಲ್ಲಿಂದ ಅರ್ಧ ಮೈಲಿಯಷ್ಟು ಎತ್ತರದವರೆಗೆ ಟೊಳ್ಳು. ಆ ಟೊಳ್ಳಿನ ಗೋಡೆಗಳೆಲ್ಲ ತಿರುಗುವ ಮೋಡ. ಗೋಡೆಯಿಂದ ಗೋಡೆಗೆ ಎಡೆಬಿಡದೆ ಹಾಯುತ್ತಿದ್ದ ಮಿಂಚಿನಿಂದ ಒಳಗೆಲ್ಲ ಹಗಲಿನಂಥ ಬೆಳಕು. ಕೆಳಗಣ ಅಂಚಿನಲ್ಲಿ ಚಿಕ್ಕ ಚಿಕ್ಕ ಸುಳಿಗಳು ಬಾಲಗಳಂತೆ ಹುಟ್ಟಿ ಕಳಚಿಕೊಳ್ಳುತ್ತಿದ್ದುವು. ನೀರು ಸೇದುವವನು ಬಾವಿಯೊಳಗೆ ಬಗ್ಗಿ ನೋಡುವಂತೆ ಈತನು ಗಾಳಿಯ ಬಾವಿಯೊಂದರೊಳಕ್ಕೆ ಕೆಳಗಿನಿಂದ ನೋಡಿದನು. ಅದು ಅವನನ್ನು ದಾಟಿ ಮುಂದೆ ಸಾಗಿ, ಮತ್ತೆ ನೆಲಕ್ಕಿಳಿದು, ನೆರೆಯವನ ಮನೆಯನ್ನು ಹೊಡೆಯಿತು. ಕೆಲರನ ಈ ವೃತ್ತಾಂತ ಎರಡು ವರ್ಷಗಳ ತರುವಾಯ ಹವಾಮಾನಶಾಸ್ತ್ರದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಪ್ರಾಣಭಯದ ಆ ಗಳಿಗೆಯಲ್ಲಿಯೂ ಅಗಲವಿಷ್ಟು, ಎತ್ತರವಿಷ್ಟು, ಬೆಳಕು ಹೀಗಿತ್ತು ಎಂದು ಗುರುತಿಟ್ಟುಕೊಂಡ ಆ ರೈತನ ಕಣ್ಣನ್ನು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ನಮ್ಮ ನುಡಿಯಲ್ಲಿ ಸುಂಟರಗಾಳಿ ಎಂಬ ಒಂದೇ ಮಾತು ಎರಡು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತಿರುವುದರಿಂದ ಇಲ್ಲಿ ತುಸು ವಿವರಣೆ ಬೇಕು. ಬೇಸಗೆಯ ನಡುಹಗಲಿನಲ್ಲಿ ಉತ್ತ ಹೊಲದ ಧೂಳನ್ನೂ ತರಗೆಲೆಗಳನ್ನೂ ಎತ್ತಿ ಕುಣಿಸಿ ನಿಮಿಷಾರ್ಧದಲ್ಲಿ ಅಡಗುವ ಗಾಳಿಯು ಕಾದ ನೆಲದಿಂದ ಹುಟ್ಟುವಂಥದು. ಅದರ ನೆತ್ತಿಯ ಮೇಲೆ ಮೋಡವಿರಬೇಕಾದುದಿಲ್ಲ. ಸಮುದ್ರದಲ್ಲಿ ಹುಟ್ಟಿ ನೂರಾರು ಕಿಲೋಮೀಟರ್ ಅಗಲಕ್ಕೆ ಹರಡಿ ದಿನಗಟ್ಟಲೆ ಬಾಳುವ ಚಂಡಮಾರುತವು ಮತ್ತೊಂದು ಜಾತಿಯದು. ಕೆಲರನು ಕಂಡ ಸುಂಟರಗಾಳಿಯಾದರೋ ಗುಡುಗುಮೋಡದ ಕುಡಿ; ಮೋಡದ ತಳಕ್ಕೂ ನೆಲಕ್ಕೂ ನಡುವೆ ನಿಂತ, ಸಾಮಾನ್ಯವಾಗಿ ಹತ್ತು ನಿಮಿಷವೂ ಬಾಳದ ಕಂಬ. ಕಂಸನ ಆಣತಿಯಂತೆ ಗೋಕುಲಕ್ಕೆ ಬಂದು, ಊರಿನ ಕಣ್ಣಿಗೆಲ್ಲ ಧೂಳು ಕವಿಸಿ, ಶಿಶುಕೃಷ್ಣನನ್ನು ಆಕಾಶಕ್ಕೊಯ್ದ ತೃಣಾವರ್ತನ ಕಥೆಯನ್ನು ಭಾಗವತದಲ್ಲಿ ಕೇಳಿದವರಿಗೆ ಇದರ ಸ್ವಭಾವ ತೀರ ಅಪರಿಚಿತವಾಗಿ ತೋರಲಾರದು.

ಈ ಕಂಬವು ಎದ್ದುನಿಲ್ಲುವ ರೀತಿ ಕೌತುಕಕರವಾದುದು. ಅಮೆರಿಕದ ಮಧ್ಯಭಾಗದ ಮಹಾಮೈದಾನಕ್ಕೆ ವಸಂತಕಾಲದಲ್ಲಿ ದಕ್ಷಿಣದ ಮೆಕ್ಸಿಕೋ ಕೊಲ್ಲಿಯಿಂದ ಬೆಚ್ಚನೆಯ ತೇವದ ಗಾಳಿ ನೆಲದ ಮಗ್ಗುಲಲ್ಲೇ ಹರಿದುಬರುತ್ತದೆ; ಪಶ್ಚಿಮದ ಎತ್ತರದ ಒಣಸೀಮೆಗಳಿಂದ ಇಳಿದುಬರುವ ಗಾಳಿಯು ಅದರ ಮೇಲೆ ಮುಚ್ಚಳದಂತೆ ಕೂತು, ಕೆಳಗಿನ ಸೆಕೆ ಹೊರಕ್ಕೆ ಉಕ್ಕದಂತೆ ಮಧ್ಯಾಹ್ನದವರೆಗೂ ತಡೆಯುತ್ತದೆ. ಆ ಮುಚ್ಚಳ ಒಡೆದೊಡನೆ ತೇವದ ಗಾಳಿಯೆಲ್ಲ ಒಮ್ಮೆಲೇ ಮೇಲಕ್ಕೆ ನುಗ್ಗಿ, ಹದಿನೈದು ಕಿಲೋಮೀಟರಿಗೂ ಮಿಗಿಲಾದ ಎತ್ತರಕ್ಕೆ ಮೋಡದ ರಾಶಿ ಬೆಳೆಯುತ್ತದೆ. ಇಷ್ಟಾದರೆ ಬರಿಯ ಗುಡುಗುಮಳೆ. ಆದರೆ ನೆಲದ ಬಳಿ ಮೆಲ್ಲಗೆ ಒಂದು ದಿಕ್ಕಿನಿಂದಲೂ ಮೇಲೆ ರಭಸದಿಂದ ಇನ್ನೊಂದು ದಿಕ್ಕಿನಿಂದಲೂ ಗಾಳಿ ಬೀಸುತ್ತಿದ್ದಾಗ, ನಡುವಣ ವಾಯುವು ನೆಲದ ಮೇಲೆ ಉರುಳುವ ಒನಕೆಯಂತೆ ಅಡ್ಡಲಾಗಿ ತಿರುಗತೊಡಗುತ್ತದೆ. ಮೇಲೇರುವ ಗಾಳಿಯು ಆ ಅಡ್ಡ ಒನಕೆಯನ್ನೆತ್ತಿ ನೆಟ್ಟಗೆ ನಿಲ್ಲಿಸುತ್ತದೆ. ಆಗ ಮೋಡಕ್ಕೆ ಮೋಡವೇ ತಿರುಗುತ್ತದೆ. ಇಂಥ ಮೋಡವನ್ನು ವಿಜ್ಞಾನಿಗಳು ಸೂಪರ್‌ಸೆಲ್ ಎಂದು ಕರೆಯುತ್ತಾರೆ. ಇದರ ಹಿಂಬದಿಯಿಂದ ಇಳಿಯುವ ಗಾಳಿಯು ನೆಲದ ಸಮೀಪದ ಸುತ್ತನ್ನು ಬಿಗಿಗೊಳಿಸಿದಾಗ ಸುಂಟರಗಾಳಿ ಹುಟ್ಟುತ್ತದೆ. ದಾರದ ತುದಿಗೆ ಕಲ್ಲು ಕಟ್ಟಿ ತಿರುಗಿಸುವ ಹುಡುಗನು, ದಾರವು ಬೆರಳಿಗೆ ಸುತ್ತಿ ಗಿಡ್ಡವಾದಷ್ಟೂ ಕಲ್ಲಿನ ಸುತ್ತು ಚುರುಕಾಗುವುದನ್ನು ಬಲ್ಲನು. ಕಿಲೋಮೀಟರುಗಟ್ಟಲೆ ಅಗಲದ ತಿರುಗಾಟವು ಕೆಲವು ನೂರು ಅಡಿಗಳಿಗೆ ಕುಗ್ಗಿದಾಗ ಏನಾದೀತೆಂಬುದನ್ನು ಊಹಿಸಬಹುದು. ಆದರೂ ಇಂಥ ಮೋಡಗಳಲ್ಲಿ ಹೆಚ್ಚಿನವು ಸುಂಟರಗಾಳಿಯನ್ನು ಹಡೆಯದೆಯೇ ಕರಗಿಹೋಗುತ್ತವೆ.

ಗಾಳಿಗೆ ಬಣ್ಣವಿಲ್ಲ. ಸುಳಿಯ ನಡುವೆ ಒತ್ತಡ ಕುಸಿದಾಗ ತಣಿದು ಹನಿಗಟ್ಟಿದ ನೀರಾವಿ ಮತ್ತು ನೆಲದಿಂದೆದ್ದ ಮಣ್ಣು, ಇವೇ ನಮ್ಮ ಕಣ್ಣಿಗೆ ಬೀಳುವಂಥವು. ಸೂರ್ಯನು ನೋಡುವವನ ಬೆನ್ನ ಹಿಂದಿದ್ದರೆ ಕಂಬವು ಹಾಲಿನಂತೆ ಬೆಳ್ಳಗೆ ಹೊಳೆಯುತ್ತದೆ. ಅದರ ಹಿಂದಿದ್ದರೆ ಇದ್ದಿಲಿನಂತೆ ಕಪ್ಪಗಿರುತ್ತದೆ. ಓಕ್ಲಹೋಮಾದ ಕೆಮ್ಮಣ್ಣಿನ ಸೀಮೆಯಲ್ಲಿ ಅದಕ್ಕೆ ಇಟ್ಟಿಗೆಯ ಕೆಂಪು ಬರುತ್ತದೆ. ಆಯುಸ್ಸು ಮುಗಿಯುತ್ತಿದ್ದಂತೆ ಸಣಕಲಾಗಿ, ಬಳುಕಿ, ಹಗ್ಗದಂತೆ ತಿರಿಚಿಕೊಂಡು, ನೋಡನೋಡುತ್ತಿದ್ದಂತೆ ಬರಿಯ ಆಕಾಶವಾಗುತ್ತದೆ. ಇದರ ಚೆಲುವನ್ನೂ ಕ್ರೌರ್ಯವನ್ನೂ ಬೇರೆ ಬೇರೆಯಾಗಿ ಎಣಿಸುವುದು ನನ್ನಿಂದ ಆಗದು: ದಿಕ್ಕುಗೆಟ್ಟು ಬೀಸುವ ಬಿರುಗಾಳಿಯಲ್ಲಿಲ್ಲದ ಶಿಸ್ತು ಇದರಲ್ಲುಂಟು, ಆ ಶಿಸ್ತೇ ಕಣ್ಣಿಗೆ ಆಕಾರವಾಗಿಯೂ ಮನೆಮಾರುಗಳಿಗೆ ಮೃತ್ಯುವಾಗಿಯೂ ಪರಿಣಮಿಸುತ್ತದೆ. 1999ರ ಮೇ 3ರಂದು ಓಕ್ಲಹೋಮಾದ ಮೂರ್ ಪಟ್ಟಣವನ್ನು ಹೊಕ್ಕ ಸುಳಿಯಲ್ಲಿ, ಲಾರಿಯ ಮೇಲೆ ಹೊತ್ತೊಯ್ದ ರೇಡಾರು ಗಂಟೆಗೆ 480 ಕಿಲೋಮೀಟರಿಗೂ ಹೆಚ್ಚಿನ ವೇಗವನ್ನು ಅಳೆಯಿತು. 2013ರ ಮೇ 31ರಂದು ಅದೇ ಸೀಮೆಯ ಎಲ್ ರೀನೋ ಬಳಿ ಎದ್ದುದರ ಅಗಲ 4.2 ಕಿಲೋಮೀಟರ್, ಅದನ್ನು ಅಭ್ಯಸಿಸಲೆಂದು ಹೋಗಿದ್ದ ಮೂವರು ಅನುಭವಿ ಸಂಶೋಧಕರು ಅದಕ್ಕೇ ಬಲಿಯಾದರು.

ಕಣ್ಣಿಗೆ ಕಾಣದ ಸುಂಟರಗಾಳಿ ಇನ್ನೂ ಘೋರ. 1925ರ ಮಾರ್ಚ್ 18ರಂದು ಮಿಸ್ಸೂರಿಯಲ್ಲಿ ಹುಟ್ಟಿ, ಇಲಿನಾಯ್ ಸಂಸ್ಥಾನವನ್ನು ಸೀಳಿ, ಇಂಡಿಯಾನಾದಲ್ಲಿ ಅಡಗಿದ ಮಹಾಮಾರಿಯು ಮೂರೂವರೆ ಗಂಟೆಗಳಲ್ಲಿ ಸುಮಾರು 350 ಕಿಲೋಮೀಟರ್ ಓಡಿತು. ಸತ್ತವರು 695 ಮಂದಿ. ಮಳೆಧೂಳುಗಳಲ್ಲಿ ಹುದುಗಿದ್ದ ಅದು ಅನೇಕರಿಗೆ ನೆಲದ ಮೇಲೆ ಉರುಳಿಬರುವ ಮಂಜಿನಂತೆ ತೋರಿತಂತೆ. ಎಚ್ಚರಿಸುವವರೂ ಇರಲಿಲ್ಲ, ಜನರು ಗಾಬರಿಗೊಂಡಾರೆಂಬ ಅಂಜಿಕೆಯಿಂದ ಆ ದೇಶದ ಹವಾಮಾನ ಇಲಾಖೆಯು ಮುನ್ಸೂಚನೆಗಳಲ್ಲಿ ಸುಂಟರಗಾಳಿಯ ಹೆಸರನ್ನೇ ದಶಕಗಳ ಕಾಲ ಎತ್ತುತ್ತಿರಲಿಲ್ಲ. ಹೆಸರನ್ನು ಬಚ್ಚಿಟ್ಟರೆ ಆಪತ್ತು ಸಣ್ಣದಾದೀತೆ? ಆ ಮೌನವು ಮುರಿದುದು 1948ರಲ್ಲಿ. ಮಾರ್ಚ್ 20ರಂದು ಓಕ್ಲಹೋಮಾದ ಟಿಂಕರ್ ವಾಯುನೆಲೆಗೆ ಸುಂಟರಗಾಳಿ ಬಡಿದು ವಿಮಾನಗಳು ನುಚ್ಚುನೂರಾದ ಮೇಲೆ, ಅಲ್ಲಿನ ಅಧಿಕಾರಿಗಳಾದ ಫಾಬುಶ್ ಮತ್ತು ಮಿಲ್ಲರ್ ಎಂಬಿಬ್ಬರು ಹಳೆಯ ನಕ್ಷೆಗಳನ್ನು ಹರಡಿಕೊಂಡು ಅದರ ಲಕ್ಷಣಗಳನ್ನು ಹುಡುಕಿದರು. ಐದೇ ದಿನಗಳಲ್ಲಿ ಆ ಲಕ್ಷಣಗಳು ಮರಳಿ ಕಾಣಿಸಿದಾಗ ಧೈರ್ಯಮಾಡಿ ಎಚ್ಚರಿಕೆ ಕೊಟ್ಟರು. ಅಂದೇ ಸಂಜೆ ಅದೇ ನೆಲೆಯ ಮೇಲೆ ಎರಡನೆಯ ಸುಂಟರಗಾಳಿ ಹಾಯ್ದಿತು.

ಈ ವಿದ್ಯೆಯ ಮಹಾಪುರುಷನೆಂದರೆ ಜಪಾನಿನ ತೆತ್ಸುಯಾ ಫುಜಿತ. 1945ರಲ್ಲಿ ನಾಗಾಸಾಕಿ, ಹಿರೋಷಿಮಾಗಳ ಅವಶೇಷಗಳ ನಡುವೆ ನಡೆದಾಡಿ, ಬಿದ್ದ ಮರಗಳ ದಿಕ್ಕಿನಿಂದಲೇ ಸ್ಫೋಟದ ಬಗೆಯನ್ನು ಓದಲು ಕಲಿತ ಈತನು, 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಬಂದು ಅದೇ ದೃಷ್ಟಿಯನ್ನು ಸುಂಟರಗಾಳಿಯ ಕಡೆ ತಿರುಗಿಸಿದನು. ಹಾನಿಯನ್ನು ನೋಡಿ ಬಲವನ್ನು ಅಳೆಯುವ ಸೊನ್ನೆಯಿಂದ ಐದರವರೆಗಿನ ಮಾನವನ್ನು 1971ರಲ್ಲಿ ರೂಪಿಸಿದವನು ಅವನೇ. ಇಂದೂ ಅದರ ತಿದ್ದಿದ ರೂಪವು ಬಳಕೆಯಲ್ಲಿದೆ. ಹೊಲಗಳ ಮೇಲೆ ವಿಮಾನದಲ್ಲಿ ಹಾರಾಡಿ, ನೆಲದಲ್ಲಿ ಮೂಡಿದ ಬಳೆ ಬಳೆಯಾದ ಗುರುತುಗಳನ್ನು ಕಂಡು, ದೊಡ್ಡ ಸುಳಿಯೊಳಗೆ ಚಿಕ್ಕ ಸುಳಿಗಳು ಸುತ್ತುತ್ತಿರಬೇಕೆಂದು ತರ್ಕಿಸಿದನು. ಕೆಲರನು ಅಂಚಿನಲ್ಲಿ ಕಂಡ ಬಾಲಗಳನ್ನು ಇಲ್ಲಿ ನೆನೆಯದಿರುವುದು ಹೇಗೆ? ಹೀಗೆ ನೂರಾರು ಸುಂಟರಗಾಳಿಗಳ ಹೆಜ್ಜೆಗಳನ್ನು ಓದಿದ ಫುಜಿತನು ಸ್ವತಃ ಒಂದನ್ನು ಕಣ್ಣಾರೆ ಕಂಡುದು 1982ರಲ್ಲಿ, ಅರುವತ್ತು ದಾಟಿದ ಮೇಲೆ.

ರೇಡಾರು ಬಂದ ತರುವಾಯ ಮಳೆಯ ಪರದೆಯಾಚೆಗೂ ನೋಡುವುದು ಸಾಧ್ಯವಾಯಿತು. 1973ರ ಮೇ 24ರಂದು ಓಕ್ಲಹೋಮಾದ ಯೂನಿಯನ್ ಸಿಟಿಯ ಬಳಿ, ಡಾಪ್ಲರ್ ರೇಡಾರು ಸುಳಿಯ ಗುರುತನ್ನು ಮೋಡದೊಳಗೇ ಹಿಡಿಯಿತು. ಮುಂದೆ ಸಂಚಾರಿ ರೇಡಾರುಗಳು ತೀರ ಹತ್ತಿರದಿಂದ ತೆಗೆದ ಚಿತ್ರಗಳಲ್ಲಿ, ಸುತ್ತಿನ ರಭಸಕ್ಕೆ ಮಣ್ಣು, ಹನಿಗಳೆಲ್ಲ ಹೊರಕ್ಕೆಸೆಯಲ್ಪಟ್ಟು, ನಡುವೆ ದುಂಡನೆಯ ಬರಿದಾದ ಜಾಗವೊಂದು ಕಂಡುಬಂದಿತು.

ಗ್ರೀನ್ಸ್‌ಬರ್ಗಿನವರ ಹೆಮ್ಮೆಯ ಆಸ್ತಿಯೂ ಒಂದು ಬಾವಿಯೇ. 1887ರಲ್ಲಿ ಆರಂಭಿಸಿ ಗುದ್ದಲಿ ಸಲಿಕೆಗಳಿಂದ ತೋಡಿದ ಅದರ ಆಳ 109 ಅಡಿ, ಅಗಲ 32 ಅಡಿ. 2007ರ ಮೇ 4ರ ರಾತ್ರಿ ಹತ್ತು ಗಂಟೆಗೆ ಸ್ವಲ್ಪ ಮುಂಚೆ, ಊರಿಗಿಂತಲೂ ಅಗಲವಾದ, ಮಿಂಚಿದಾಗ ಮಾತ್ರ ಗೋಚರಿಸುತ್ತಿದ್ದ ಸುಂಟರಗಾಳಿಯೊಂದು ದಕ್ಷಿಣದಿಂದ ಬಂದಿತು. ಡಾಡ್ಜ್ ಸಿಟಿಯ ಹವಾಮಾನ ಕಚೇರಿಯವರು ರೇಡಾರಿನಲ್ಲಿ ಅದನ್ನು ಮೊದಲೇ ಕಂಡು ಎಚ್ಚರಿಸಿದ್ದರಿಂದ ಸೈರನ್ನುಗಳು ಕೂಗಿದುವು, ಜನರು ನೆಲಮಾಳಿಗೆಗಳಿಗಿಳಿದರು. ನೂರಕ್ಕೆ ತೊಂಬತ್ತೈದು ಪಾಲು ಊರು ನೆಲಸಮವಾಯಿತು. ಸುಮಾರು 1,500 ಜನರಿದ್ದ ಆ ಊರಿನಲ್ಲಿ ಸತ್ತವರು ಹತ್ತು ಹನ್ನೆರಡು ಮಂದಿ. ಬಾವಿಯ ಬಾಯ ಬಳಿಯ ಕಟ್ಟಡವನ್ನು ಗಾಳಿ ಒಯ್ದಿತು. ಬಾವಿ ಇದ್ದಲ್ಲೇ ಉಳಿಯಿತು. 2012ರಲ್ಲಿ ಅದರ ಮೇಲೆ ಹೊಸದೊಂದು ಸಂಗ್ರಹಾಲಯ ಎದ್ದಿತು. ನೋಡಬಂದವರು ಈಗ ಮೆಟ್ಟಿಲಿಳಿದು ಬಾವಿಯೊಳಕ್ಕೆ ಹೋಗಿ, ಅಲ್ಲಿಂದ ಕತ್ತೆತ್ತಿ ಮೇಲೆ ನೋಡಬಹುದು.